ಹೆಸರಿಲ್ಲದ ಪೆಟ್ರೋಲು, ಚಿತ್ರಾವತಿಯ ಮೂರು ಒಗಟು

"ಕಲ್ಲುಕೋಟೆಯ ಪ್ರಜೆಗಳೇ, ಕೇಳಿ! ರಾಜಕುಮಾರಿ ಚಿತ್ರಾವತಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಜೊತೆಗೆ ಅವನು ಬೇಡಿದ ಒಂದು ವರ. ಒಂದು ತಪ್ಪಿದರೂ ಬರುವ ಅಮಾವಾಸ್ಯೆಗೆ ತಲೆ ಹೋಗುತ್ತದೆ. ಇದು ಮಲ್ಲಭೂಪತಿ ಮಹಾರಾಜರ ಅಪ್ಪಣೆ!"

ಕೋಟೆ ಬಾಗಿಲಲ್ಲಿ ಡಂಗುರದವನು ಹೀಗೆ ಕೂಗುತ್ತಿದ್ದಾಗ ಹೊನ್ನೂರ ತನ್ನ ಟ್ಯಾಂಕರ್ ನಿಲ್ಲಿಸಿ ಟೀ ಕುಡಿಯುತ್ತಿದ್ದ. ಕಲ್ಲುಕೋಟೆಯಲ್ಲಿ ಆನೆ ಕುದುರೆಗಳ ಕಾಲ ಮುಗಿದು ಮೋಟಾರುಗಳ ಕಾಲ ಬಂದಿತ್ತು. ಸಮುದ್ರದಂಡೆಯ ಡಿಪೋದಲ್ಲಿ ಪೆಟ್ರೋಲು ತುಂಬಿಸಿಕೊಂಡು ಬಂದು ಬಂಕುಗಳಿಗೆ ಇಳಿಸುವುದು ಹೊನ್ನೂರನ ಕೆಲಸ. ಪೇಟೆಯ ದೊಡ್ಡ ಬಂಕಿನಲ್ಲಿ ನವಿಲು ಮಾರ್ಕಿನ ಪೆಟ್ರೋಲು. ಘಟ್ಟದ ಮೇಲಿನ ಗಂಗಮಾಳವ್ವನ ಪುಟ್ಟ ಬಂಕಿಗೆ ಬೋರ್ಡೂ ಇಲ್ಲ, ಅವಳ ಪೆಟ್ರೋಲಿಗೆ ಮಾರ್ಕೂ ಇಲ್ಲ. ಬೆಲೆ ಮಾತ್ರ ಸ್ವಲ್ಪ ಕಡಿಮೆ.

ಟೀ ಅಂಗಡಿಯಲ್ಲೇ ಇನ್ನೊಂದು ಸುದ್ದಿ ಅವನ ಕಿವಿಗೆ ಬಿತ್ತು. ಮಾರ್ಕಿಲ್ಲದ ಪೆಟ್ರೋಲು ಕೊಳಕು, ಅಂಥ ಬಂಕು ಮುಚ್ಚಿಸಬೇಕು ಎಂದು ಮಹಾರಾಜರು ಆಜ್ಞೆ ಬರೆಸುತ್ತಿದ್ದಾರಂತೆ. ಹೊನ್ನೂರ ಟೀ ಲೋಟ ಕೆಳಗಿಟ್ಟ. ಗಂಡ ತೀರಿಕೊಂಡ ಮೇಲೆ ಗಂಗಮಾಳವ್ವ ಒಬ್ಬಳೇ ನಡೆಸಿಕೊಂಡು ಬಂದ ಬಂಕು ಅದು. ಘಟ್ಟದ ಏಳು ಹಳ್ಳಿಯ ಗಾಡಿಗಳಿಗೂ ಅದೊಂದೇ ಆಸರೆ.

"ಗೆದ್ದವನು ಒಂದು ವರ ಕೇಳಬಹುದಂತೆ, ಅಲ್ವಾ?" ಎಂದ.

"ಸೋತವನ ತಲೆ ಹೋಗುತ್ತದೆ ಅಂತಲೂ ಕೂಗಿದನಲ್ಲೋ ಮಾರಾಯ!" ಎಂದ ಅಂಗಡಿಯವನು.

ಹೊನ್ನೂರ ಖಾಕಿ ಅಂಗಿಯಲ್ಲೇ ಅರಮನೆಗೆ ನಡೆದ.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು: ಪಕ್ಕದ ಸೀಮೆಯ ದೊರೆಮಗ ರಣವಿಕ್ರಮ, ವಜ್ರದ ವ್ಯಾಪಾರಿ ತೋಟಪ್ಪಶೆಟ್ಟಿ. ಚಿತ್ರಾವತಿ ಮೊದಲ ಒಗಟು ಹಾಕಿದಳು.

"ಇಬ್ಬರು ಒಂದೇ ಮನೆಯಲ್ಲಿ, ಒಂದೇ ತೊಟ್ಟಿಲಲ್ಲಿ ಬೆಳೆದವರು. ಅಲ್ಲಿರುವಷ್ಟು ದಿನ ಯಾರು ಯಾರೆಂದು ಸಾಕಿದವರೂ ಹೇಳಲಾರರು. ಹೊಸ್ತಿಲು ದಾಟುವಾಗ ಒಬ್ಬನಿಗೆ ಹೆಸರು ಸಿಗುತ್ತದೆ, ಇನ್ನೊಬ್ಬ ಹೆಸರಿಲ್ಲದೆ ಹೋಗುತ್ತಾನೆ. ಯಾರವರು?"

"ಅವಳಿ ರಾಜಕುಮಾರರು!" ಎಂದ ರಣವಿಕ್ರಮ. "ಒಬ್ಬನಿಗೆ ಯುವರಾಜನೆಂಬ ಹೆಸರು, ಇನ್ನೊಬ್ಬನಿಗೆ ಏನೂ ಇಲ್ಲ."

"ತಪ್ಪು."

"ಒಂದೇ ಗಣಿಯ ಎರಡು ವಜ್ರ," ಎಂದ ತೋಟಪ್ಪಶೆಟ್ಟಿ, ಬೆವರು ಒರೆಸಿಕೊಳ್ಳುತ್ತ.

"ಅದೂ ತಪ್ಪು."

ಕಾವಲಿನವರು ಇಬ್ಬರನ್ನೂ ಕಂಬದ ಪಕ್ಕಕ್ಕೆ ಎಳೆದುಕೊಂಡು ಹೋದರು. ಹೊನ್ನೂರ ಮಾತ್ರ ನಗುತ್ತಿದ್ದ. ದಿನಾ ಕಣ್ಣಾರೆ ಕಾಣುವುದನ್ನೇ ರಾಜಕುಮಾರಿ ಕೇಳಿದ್ದಳು!

"ಅಮ್ಮಣ್ಣಿಯವರೇ, ಅದು ಪೆಟ್ರೋಲು. ಡಿಪೋದ ಒಂದೇ ದೊಡ್ಡ ಟ್ಯಾಂಕಿನಿಂದ ನವಿಲು ಮಾರ್ಕಿನದೂ ಬರುತ್ತದೆ, ಗಂಗಮಾಳವ್ವನದೂ ಬರುತ್ತದೆ. ಲಾರಿಗೆ ತುಂಬುವಾಗಲೇ ಒಂದಕ್ಕೆ ಹೆಸರು."

"ಹುಚ್ಚು ಮಾತು! ಒಂದೇ ಟ್ಯಾಂಕಿನದೇ?" ಎಂದು ಮಹಾರಾಜ ಸಿಂಹಾಸನದಿಂದ ಅರ್ಧ ಎದ್ದ.

"ಉತ್ತರ ಸರಿ ಅಪ್ಪಾಜಿ, ಕೂತುಕೊಳ್ಳಿ," ಎಂದಳು ಚಿತ್ರಾವತಿ. "ಎರಡನೆಯದು. ಸಾವಿರ ಜನರ ಅಡುಗೆಗೆ ಒಂದು ಚಿಟಿಕೆ. ಅದರಿಂದ ರುಚಿಯೂ ಹೆಚ್ಚುವುದಿಲ್ಲ, ಹೊಟ್ಟೆಯೂ ಹೆಚ್ಚು ತುಂಬುವುದಿಲ್ಲ. ಆದರೆ ದಿನಾ ಉಂಡವನ ಗಂಟಲು ಶುದ್ಧವಾಗಿರುತ್ತದೆ. ಏನದು?"

"ತುಂಬುವ ಪೈಪಿನಲ್ಲೇ ಬೆರೆಸುವ ಮದ್ದು. ಎಂಜಿನ್ನಿನ ಒಳಗೆ ಮಸಿ ಕಟ್ಟದ ಹಾಗೆ ತೊಳೆಯುತ್ತದೆ."

"ಹಾಗಾದರೆ ಆ ಹೆಂಗಸಿನ ಪೆಟ್ರೋಲಿನಲ್ಲಿ ಮದ್ದಿಲ್ಲ, ಅಲ್ಲವೇ?" ಎಂದು ಮಹಾರಾಜ ಕೇಳಿದ.

"ಇದೆ ಮಹಾಸ್ವಾಮಿ, ಕಾಯಿದೆ ಹೇಳಿದಷ್ಟು. ನವಿಲಿನವರು ತಮ್ಮದೇ ಮದ್ದನ್ನು ಇನ್ನೂ ಸ್ವಲ್ಪ ಜಾಸ್ತಿ ಹಾಕಿಸುತ್ತಾರೆ. ಅದು ಒಳ್ಳೆಯದೇ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಗಂಗಮಾಳವ್ವನದು ಕೊಳಕಲ್ಲ."

ಚಿತ್ರಾವತಿಯ ಮುಖ ಅರಳಿತು. ಆದರೂ ಮೂರನೆಯದನ್ನು ಮೆಲ್ಲಗೆ, ಅಳೆದು ತೂಗಿ ಕೇಳಿದಳು.

"ಬಾವಿ ತುಂಬಿದ್ದಾಗ ಇಬ್ಬರೂ ಸೇದುತ್ತಾರೆ. ನೀರು ತಳ ಕಂಡ ದಿನ ಒಬ್ಬನನ್ನು ಕರೆದು ಕೊಡ ತುಂಬಿಸುತ್ತಾರೆ, ಇನ್ನೊಬ್ಬ ಖಾಲಿ ಕೊಡ ಹಿಡಿದು ನಿಲ್ಲುತ್ತಾನೆ. ಮೊದಲನೆಯವನ ಹತ್ತಿರ ಇದ್ದದ್ದೇನು? ದುಡ್ಡಲ್ಲ, ತೋಳಿನ ಬಲವೂ ಅಲ್ಲ."

ಹೊನ್ನೂರನ ನಗು ನಿಂತಿತು. ದುಡ್ಡಲ್ಲ, ಬಲವಲ್ಲ, ಹಾಗಾದರೆ ಇನ್ನೇನು? ಹೋದ ಬೇಸಿಗೆಯಲ್ಲಿ ಪೆಟ್ರೋಲಿನ ಅಭಾವ ಬಂದಾಗ ಗಂಗಮಾಳವ್ವನಿಗಾಗಿ ಮೂರು ದಿನ ಡಿಪೋ ಗೇಟಿನ ಹೊರಗೆ ಕಾದದ್ದು ಅವನಿಗೆ ನೆನಪಾಯಿತು. ನವಿಲಿನ ಲಾರಿಗಳು ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು. ಯಾಕೆಂದು ಜಗಳಕ್ಕೆ ನಿಂತಾಗ ಗೇಟಿನವನು ಏನಂದಿದ್ದ?

"ಮಾತು!" ಎಂದು ಹೊನ್ನೂರ ಕೂಗಿದ. "ಒಪ್ಪಂದದ ಮಾತು, ಅಮ್ಮಣ್ಣಿ! ಮಾರ್ಕಿನವರಿಗೆ ಡಿಪೋದವರು ಮೊದಲೇ ಮಾತು ಕೊಟ್ಟಿರುತ್ತಾರೆ. ಅಭಾವದ ದಿನ ಅವರಿಗೆ ಮೊದಲು, ಉಳಿದರೆ ನಮಗೆ."

ಚಿತ್ರಾವತಿ ಚಪ್ಪಾಳೆ ತಟ್ಟಿ ಎದ್ದಳು. "ಮೂರೂ ಸರಿ! ಡಿಪೋಗೆ ಹೋಗಿ ಇದನ್ನೆಲ್ಲ ನಾನೇ ನೋಡಿ ಬಂದು ಹೇಳಿದೆ, ನೀವು ನಂಬಲಿಲ್ಲ ಅಪ್ಪಾಜಿ. ಅದಕ್ಕೇ ಒಗಟು ಮಾಡಿದೆ."

ಮಹಾರಾಜ ಗಡ್ಡ ಕೆರೆದುಕೊಂಡ. "ಸೋತೆನಮ್ಮ. ಏನಯ್ಯಾ, ನಿನ್ನ ವರ ಕೇಳು."

ಹೊನ್ನೂರ ಬಾಯಿ ತೆರೆದ. ಅಷ್ಟರಲ್ಲಿ ಕಂಬದ ಪಕ್ಕ ಬಿಳಿಚಿಕೊಂಡು ನಿಂತಿದ್ದ ಇಬ್ಬರು ಕಣ್ಣಿಗೆ ಬಿದ್ದರು. ಇರುವುದು ಒಂದೇ ವರ. ಗಂಗಮಾಳವ್ವನ ಬಂಕು ಉಳಿಸಲೆಂದೇ ಹೊನ್ನೂರ ಬಂದಿದ್ದ.

"ಆ ಇಬ್ಬರ ತಲೆ ಉಳಿಸಿಕೊಡಿ, ಮಹಾಸ್ವಾಮಿ," ಎಂದ. "ಡಿಪೋ ಗೇಟು ನೋಡದವರಿಗೆ ಇದು ಗೊತ್ತಾಗುವುದಾದರೂ ಹೇಗೆ?"

ಸಭೆಯೆಲ್ಲ ಹೋ ಎಂದಿತು. ಅಷ್ಟು ಹೇಳಿ ತಲೆತಗ್ಗಿಸಿ ಹೊರಟವನನ್ನು ಚಿತ್ರಾವತಿ ತಡೆದಳು.

"ಎಲ್ಲಿಗೆ ಹೊರಟೆ? ಮದುವೆ ಬೇಡವೋ?"

"ನನ್ನ ಮನೆ ಅಂದರೆ ಲಾರಿ ಕ್ಯಾಬಿನ್ನು, ಅಮ್ಮಣ್ಣಿ."

"ಅದರಲ್ಲಿ ಎರಡು ಸೀಟಿವೆಯಲ್ಲ? ನನಗೊಂದು ಸಾಕು." ಅವಳು ತಂದೆಯ ಕಡೆ ತಿರುಗಿದಳು. "ಅಪ್ಪಾಜಿ, ನನಗೆ ಬಳುವಳಿಯಾಗಿ ಚಿನ್ನ ಬೇಡ. ಆ ಆಜ್ಞೆ ಹರಿದುಹಾಕಿ. ಅಭಾವದ ದಿನವೂ ಗಂಗಮಾಳವ್ವನ ಬಂಕಿಗೆ ಪೆಟ್ರೋಲು ತಪ್ಪದ ಹಾಗೆ ಅರಮನೆಯಿಂದ ಒಪ್ಪಂದ ಬರೆಸಿಕೊಡಿ."

ಮಹಾರಾಜ ನಗುತ್ತಲೇ ಮುದ್ರೆ ಒತ್ತಿದ. ಮದುವೆಯೂಟದಲ್ಲಿ ರಣವಿಕ್ರಮನೂ ತೋಟಪ್ಪಶೆಟ್ಟಿಯೂ ಸೊಂಟಕ್ಕೆ ಟವೆಲು ಸುತ್ತಿಕೊಂಡು ತಾವೇ ಹೋಳಿಗೆ ಬಡಿಸಿದರು. ಮೂರನೆಯ ದಿನ ಬೆಳಗ್ಗೆ ತುಂಬಿದ ಟ್ಯಾಂಕರ್ ಹಾರನ್ ಹೊಡೆಯುತ್ತ ಘಟ್ಟ ಹತ್ತಿತು. ಗಂಗಮಾಳವ್ವ ಓಡಿ ಬಂದು ನೋಡುತ್ತಾಳೆ: ಸ್ಟಿಯರಿಂಗ್ ಹಿಡಿದು ಕೂತವಳು ರಾಜಕುಮಾರಿ, ಪಕ್ಕದ ಸೀಟಿನಲ್ಲಿ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ, ನಿಧಾನ!" ಎನ್ನುತ್ತ ನಗುತ್ತಿದ್ದವನು ಹೊನ್ನೂರ.