ಹೊಳೆ ದಾಟದ ಬೊಂಬೆ

ಫೋನು ಕೆಳಗಿಡ್ರೋ ಅಂದರೆ ನೀವು ಇಡೋದಿಲ್ಲ, ನನಗೆ ಗೊತ್ತು. "ಇದೊಂದಾಟ ಮುಗಿಸಿಬಿಡ್ತೀನಿ ಅಜ್ಜಿ" ಅಂತೀರಿ. ಆ ಮಾತೇನು ನಿಮ್ಮದಲ್ಲ. ಅದನ್ನು ನಿಮಗಿಂತ ಮೊದಲೇ ಒಬ್ಬ ರಾಜ ಹೇಳಿದ್ದ. ಹೇಳಿ ಏನು ಕಳಕೊಂಡ ಅಂತ ಹೇಳ್ತೀನಿ. ಆಡ್ತಾ ಆಡ್ತಾನೇ ಕೇಳಿ, ಬೇಡ ಅನ್ನೋದಿಲ್ಲ.

ಕಣಗಲಪುರ ಅಂತ ಒಂದು ರಾಜ್ಯ. ಅದಕ್ಕೆ ಮುದ್ದುವೀರ ಅಂತ ಒಬ್ಬ ರಾಜ. ಕೆಟ್ಟವನಲ್ಲ. ಯಾರ ಹೊಲಕ್ಕೂ ಕೈ ಹಾಕಿದವನಲ್ಲ, ಸುಮ್ಮಸುಮ್ಮನೆ ಯಾರ ಮೇಲೂ ದಂಡೆತ್ತಿ ಹೋದವನಲ್ಲ. ಆದರೆ ಆಟದ ಹುಚ್ಚು ಅಂದರೆ ಹುಚ್ಚು.

ಆ ಕಾಲದಲ್ಲಿ ಏನಾಟ ಅಂತೀರಾ? ನೆರಳಾಟದ ಪೆಟ್ಟಿಗೆ. ಮರದ ಪೆಟ್ಟಿಗೆ, ಮುಂದೆ ಬಿಳಿ ಬಟ್ಟೆ, ಹಿಂದೆ ದೀಪ, ನಡುವೆ ತೊಗಲಿನ ಬೊಂಬೆ. ಹೊರಗೆ ಒಂದು ದಾರ. ದಾರ ಎಳೆದರೆ ಬಟ್ಟೆಯ ಮೇಲೆ ಬೊಂಬೆಯ ನೆರಳು ಆಡ್ತಿತ್ತು. ಮೊದಮೊದಲು ಒಂದು ಹುಲಿ ಮಾತ್ರ ಇತ್ತು. ದಾರ ಎಳೆದರೆ ಬಾಯಿ ತೆರೀತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. ಅಷ್ಟಕ್ಕೇ ಜನ ತಾವೂ ಬಾಯಿ ತೆರೆದುಕೊಂಡು ಕೂರ್ತಿದ್ದರು.

ಈ ಪೆಟ್ಟಿಗೆಗಳನ್ನು ಮಾಡಿಸಿ ಊರೂರಿಗೆ ಕಳಿಸೋದಕ್ಕೆ ಅರಮನೆಯ ಪಕ್ಕದಲ್ಲೇ ದೊಡ್ಡ ಆಟದ ಮನೆ ಇತ್ತು. ಅದರ ಯಜಮಾನ ಸಂಕಪ್ಪ. ಬಾಗಿಲ ಮೇಲೆ ಆಳೆತ್ತರದ ಅಕ್ಷರದಲ್ಲಿ ಅವನ ಹೆಸರು. ಒಳಗೆ ನೂರಾರು ಆಳು. ಸಂಕಪ್ಪ ಪೆಟ್ಟಿಗೆ ತಟ್ಟಿ ನೋಡ್ತಿದ್ದ, ಬಣ್ಣ ಉಜ್ಜಿ ನೋಡ್ತಿದ್ದ, ದಾರ ಮಾತ್ರ ಒಂದು ದಿನವೂ ಮುಟ್ಟಿದವನಲ್ಲ. "ಆಡೋದು ಹುಡುಗರ ಕೆಲಸ. ನಾನು ಯಜಮಾನ" ಅಂತಿದ್ದ.

ಒಂದು ದಿನ ಬಡಗಿ ಮಾಯಣ್ಣ ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದ. ಅವನ ಬೊಂಬೆಗೆ ಮೊಣಕಾಲಿತ್ತು. ದಾರ ಎಳೆದರೆ ನಡೀತಿತ್ತು, ಜಗ್ಗಿದರೆ ಹಾರ್ತಿತ್ತು. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಸಂಕಪ್ಪ ಮೂಗು ಮುರಿದು ಅಂದ, "ಇದೇನು ಮಹಾ? ಇಟ್ಟು ಹೋಗು, ನೋಡೋಣ."

ಮಾಯಣ್ಣ ಇಟ್ಟು ಹೋದ. ಮಾರನೇ ತಿಂಗಳು ಊರ ತುಂಬ ನಡೆಯೋ ಬೊಂಬೆ. ಪೆಟ್ಟಿಗೆ ಮೇಲೆ ಸಂಕಪ್ಪನ ಹೆಸರು.

ಮಾಯಣ್ಣ ಓಡಿ ಬಂದು ಅರಮನೆ ಬಾಗಿಲಲ್ಲಿ ನಿಂತ. ಕಾವಲಿನವನು ಒಳಗೆ ಹೋಗಿ ಹೇಳಿದ. ರಾಜ ತಲೆ ಎತ್ತಲಿಲ್ಲ. "ಇದೊಂದಾಟ ಮುಗೀಲಿ, ಆಮೇಲೆ ಕೇಳ್ತೀನಿ" ಅಂದ. ಬೆಳಗ್ಗೆ ಬಂದ ಮಾಯಣ್ಣ ದೀಪ ಹಚ್ಚೋ ಹೊತ್ತಿನ ತನಕ ನಿಂತ. ಆಮೇಲೆ ಮನೆಗೆ ಹೋಗಿ ಬಾಗಿಲು, ಕಿಟಕಿ ಮಾಡೋ ಕೆಲಸಕ್ಕೆ ಕೂತ. ಮತ್ತೆ ಬೊಂಬೆ ಮುಟ್ಟಲಿಲ್ಲ.

ಸ್ವಲ್ಪ ಕಾಲ ಕಳೆದ ಮೇಲೆ ಮಗ್ಗದ ಚೌಡಣ್ಣ ಬಂದ. ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ದಿಂಡಿಗೆ ಸುತ್ತುತ್ತಾರಲ್ಲ, ಹಾಗೆ ಅವನು ದಾರಿಯನ್ನೇ ಸುತ್ತಿಟ್ಟಿದ್ದ! ಬೊಂಬೆ ನಡೆದ ಹಾಗೆಲ್ಲ ದಾರಿ ಬಿಚ್ಚಿಕೊಳ್ತಿತ್ತು. ಮನೆ ಹೋಗಿ ಮರ ಬಂತು, ಮರ ಹೋಗಿ ಗುಡ್ಡ ಬಂತು. ಸಂಕಪ್ಪ ಮೂಗು ಮುರಿದು ಅಂದ, "ಇದೇನು ಮಹಾ? ಇಟ್ಟು ಹೋಗು, ನೋಡೋಣ."

ಏನಾಯ್ತು ಅಂತ ನಾನು ಹೇಳಬೇಕಾ? ಊರ ತುಂಬ ದಾರಿಯಾಟ, ಪೆಟ್ಟಿಗೆ ಮೇಲೆ ಸಂಕಪ್ಪ. ಚೌಡಣ್ಣ ಬಾಗಿಲಲ್ಲಿ ನಿಂತ. "ಇದೊಂದಾಟ ಮುಗೀಲಿ" ಅಂದ ರಾಜ. ಚೌಡಣ್ಣ ಸಂಜೆ ತನಕವೂ ಕಾಯಲಿಲ್ಲ. ಮಗ್ಗ ಬಿಚ್ಚಿ ಗಾಡಿಗೆ ಹಾಕಿಕೊಂಡು ಬೇರೆ ರಾಜ್ಯಕ್ಕೆ ಹೊರಟುಹೋದ.

ಮೂರನೆಯವಳು ದ್ಯಾವಕ್ಕ. ಚಾಪೆ ಹೆಣೆದು ಬದುಕೋ ಹೆಂಗಸು. ಅವಳಿಗೆ ಚಿಕ್ಕತಾಯಿ ಅಂತ ಒಬ್ಬ ಪುಟ್ಟ ಮಗಳು. ಆಗಿನ ಆಟದಲ್ಲಿ ಬೊಂಬೆ ದಾರಿಯಲ್ಲಿರೋ ಗುಂಡಿಗೆ ಬಿತ್ತು ಅಂದರೆ ದಾರಿ ಪೂರಾ ಹಿಂದಕ್ಕೆ ಸುತ್ತಿಕೊಂಡು ಮೊದಲಿಂದ ಶುರು ಮಾಡಬೇಕಿತ್ತು. ಚಿಕ್ಕತಾಯಿ ಅದನ್ನು ನೋಡಿ ಬಿಕ್ಕಿ ಬಿಕ್ಕಿ ಅಳ್ತಿದ್ದಳು. "ಅವ್ವಾ, ಅವನು ಸತ್ತೋದ್ನಾ?"

ಮಗು ಅತ್ತರೆ ಯಾವ ತಾಯಿ ಸುಮ್ಮನಿರ್ತಾಳೆ? ದ್ಯಾವಕ್ಕ ಚಾಪೆ ಪಕ್ಕಕ್ಕೆ ತಳ್ಳಿದಳು. ತೊಗಲು ಕತ್ತರಿಸಿ ತಾನೇ ಒಂದು ಆಟ ಕಟ್ಟಿದಳು. ಬೊಂಬೆಯ ಕಾಲಿಗೆ ಗೆಜ್ಜೆ ಕಟ್ಟಿದಳು, ಬೆನ್ನ ಹಿಂದೆ ಸಣ್ಣ ಕಲ್ಲೊಂದು ತೂಗುಬಿಟ್ಟಳು. ಈಗ ಬೊಂಬೆ ಬಿದ್ದರೂ ದಾರ ಬಿಡದೆ ಹಿಡಿದಿದ್ದರೆ ಸಾಕು, ಕಲ್ಲಿನ ಭಾರಕ್ಕೆ ಮೆಲ್ಲಗೆ ಅದು ಬಿದ್ದಲ್ಲಿಂದಲೇ ಏಳ್ತಿತ್ತು. ಗೆಜ್ಜೆ ಘಲ್ ಅಂತಿತ್ತು. ಚಿಕ್ಕತಾಯಿ ಚಪ್ಪಾಳೆ ತಟ್ಟಿ ಕುಣಿದಳು.

ಆಟದ ದಾರಿ ಒಂದು ಹೊಳೆಯ ತನಕ ಬಂದಿತ್ತು. ಅಷ್ಟರಲ್ಲಿ ತೊಗಲು ಮುಗೀತು. ಆಚೆ ದಡದಲ್ಲಿ ಏನಿರಬೇಕು ಅಂತ ಅವಳ ಮನಸ್ಸಲ್ಲಿ ನಿಚ್ಚಳವಾಗಿತ್ತು, ಮಾಡೋದಕ್ಕೆ ತೊಗಲಿರಲಿಲ್ಲ. ಸಂಕಪ್ಪನ ಹತ್ತಿರ ಹೋದಳು.

"ಯಜಮಾನ್ರೇ, ಒಂದಿಷ್ಟು ತೊಗಲು ಕೊಟ್ರೆ ಹೊಳೆ ದಾಟಿಸಿಬಿಡ್ತೀನಿ" ಅಂದಳು.

ಸಂಕಪ್ಪ ಮೂಗು ಮುರಿದು ಅಂದ, "ಇದೇನು ಮಹಾ? ಇಟ್ಟು ಹೋಗು ಕಣಮ್ಮಾ, ನೋಡೋಣ."

ಇಟ್ಟು ಹೋದಳು. ಅರ್ಧ ಕಟ್ಟಿದ ಆಟ ಹಾಗೇ ಊರ ತುಂಬ ಹೋಯ್ತು. ಮನೆಮನೆಯಲ್ಲೂ ಘಲ್ ಘಲ್. ಅರಮನೆಗೆ ಹೋಗಿದ್ದು ಮಾತ್ರ ದ್ಯಾವಕ್ಕ ಕೈಯಾರೆ ಕಟ್ಟಿದ ಪೆಟ್ಟಿಗೆಯೇ, ಸುತ್ತ ಬೆಳ್ಳಿ ಕಟ್ಟು ಹಾಕಿಸಿಕೊಂಡು.

ದ್ಯಾವಕ್ಕ ಅರಮನೆ ಬಾಗಿಲಿಗೆ ಬಂದಳು. ಅವಳಿಗೆ ಶಿಕ್ಷೆ ಬೇಕಿರಲಿಲ್ಲ, ಬಹುಮಾನ ಬೇಕಿರಲಿಲ್ಲ. ತನ್ನ ಆಟ ವಾಪಸ್ ಬರಬೇಕು, ಮರೆಯೋ ಮೊದಲು ಅದನ್ನು ಮುಗಿಸಬೇಕು, ಅಷ್ಟೇ. ರಾಜ ಹೇಳಿ ಕಳಿಸಿದ, "ಇದೊಂದಾಟ ಮುಗೀಲಿ."

ಮಳೆಗಾಲ ಕಳೆದು ಎರಡನೇ ಸಲ ಬಂದಳು. "ಇದೊಂದಾಟ ಮುಗೀಲಿ."

ಮೂರನೇ ಸಲ ಬಂದಾಗ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗಿಂದ ಘಲ್ ಅಂತು. ದ್ಯಾವಕ್ಕ ಬೆಚ್ಚಿಬಿದ್ದಳು. ಅದು ಅವಳು ಕಟ್ಟಿದ ಗೆಜ್ಜೆ, ಮಗಳಿಗೋಸ್ಕರ ಕಟ್ಟಿದ್ದು. ರಾಜ ಆಡ್ತಿದ್ದದ್ದು ಅವಳ ಆಟವನ್ನೇ! ಬೊಂಬೆ ಹೊಳೆ ತನಕ ಹೋಗ್ತಿತ್ತು. ಮುಂದೆ ದಾರಿಯಿಲ್ಲದೆ ತಿರುಗಿ ಬರ್ತಿತ್ತು. ರಾಜ ತನ್ನ ಕೈಚಳಕ ಸಾಲದು ಅಂದುಕೊಂಡು ಮತ್ತೆ ದಾರ ಎಳೀತಿದ್ದ. ಆ ಆಟ ಮುಗಿಯೋದೆಲ್ಲಿಂದ ಬಂತು, ಮಕ್ಕಳೇ? ಮುಗಿಸಬೇಕಾದವಳು ಬಾಗಿಲ ಹೊರಗೆ ನಿಂತಿದ್ದಳಲ್ಲ!

ಇದನ್ನು ಹೇಳುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನಡುವೆ ಇದ್ದದ್ದು ಒಂದು ಬಾಗಿಲು. ಎದ್ದು ಬಂದು ಒಂದು ಮಾತು ಕೇಳಿದ್ದರೆ ಆಗಿಹೋಗ್ತಿತ್ತು.

ದ್ಯಾವಕ್ಕ ಹೊರಟುಹೋದಳು.

ಆಮೇಲೆ ಹೊಸ ಆಟ ಬರಲಿಲ್ಲ. ಎಲ್ಲಿಂದ ಬರುತ್ತೆ? ಸಂಕಪ್ಪ ಹಳೇ ಹುಲಿಗೆ ಎರಡನೇ ಬಾಲ ಅಂಟಿಸಿ ತಂದ. "ಹೊಸದು ಮಹಾಸ್ವಾಮಿ" ಅಂದ. ಮರುವರ್ಷ ಮೂರನೇ ಬಾಲ ಅಂಟಿಸಿದ. "ಇನ್ನೂ ಹೊಸದು" ಅಂದ. ಹೀಗೇ ಎಷ್ಟೋ ವರ್ಷ ಕಳೀತು, ಕೊನೆಗೆ ಹುಲಿಗೆ ಮೀಸೆ ತಿರುವಿ ತಂದ. ಸ್ವತಃ ರಾಜನಿಗೇ ಆಕಳಿಕೆ ಬಂತು. ಸಂಕಪ್ಪನನ್ನು ಕಳಿಸಿ ಮತ್ತೆ ಹೊಳೆಯಾಟಕ್ಕೆ ಕೂತ.

ರಾಣಿ ಸೋಮಲಾದೇವಿಗೆ ಬಡಿಸಿಟ್ಟ ಊಟ ಆರಿಹೋಗೋದನ್ನು ನೋಡಿ ನೋಡಿ ಸಾಕಾಗಿತ್ತು. ಅವತ್ತು ಬಂದು ಗಂಡನ ಎದುರಿಗೇ ಕೂತಳು.

"ವರ್ಷಗಟ್ಟಲೆ ಆಡ್ತಿದೀರಲ್ಲ, ಈ ಹೊಸ ಹೊಸ ಆಟ ಕಟ್ಟಿದೋರು ಯಾರು ಅಂತ ಒಂದಿನ ಆದ್ರೂ ಕೇಳಿದೀರಾ?"

"ಕೇಳೋದೇನು? ಪೆಟ್ಟಿಗೆ ಮೇಲೇ ಬರೆದಿದೆಯಲ್ಲ, ಸಂಕಪ್ಪ ಅಂತ."

"ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತು. ನಿಮಗೆ ಹೊಳೆ ದಾಟೋಕೆ ಬರ್ತಿಲ್ಲ. ಕಟ್ಟಿದವನನ್ನೇ ಕರೆಸಿ. ಜನರ ಎದುರಿಗೆ ದಾಟಿಸಿ ತೋರಿಸಲಿ."

ಮಾರನೇ ದಿನ ಸಭೆ ಕೂಡಿತು. ಮುದುಕರಿಂದ ಹಿಡಿದು ಸಣ್ಣ ಮಕ್ಕಳ ತನಕ ಎಲ್ಲರೂ ಬಂದರು. ಪೆಟ್ಟಿಗೆ ತಂದಿಟ್ಟರು. ಸಂಕಪ್ಪನ ಹಣೆಯಲ್ಲಿ ಬೆವರು. ಬೇಡ ಅನ್ನೋ ಹಾಗಿಲ್ಲ, ತಾನೇ ಕಟ್ಟಿದ್ದು ಅಂತ ಹೆಸರು ಬೇರೆ ಬರೆದುಕೊಂಡಿದ್ದಾನೆ. ಮೊದಲ ಸಲ ದಾರ ಹಿಡಿದ. ಬೊಂಬೆ ನಾಲ್ಕು ಹೆಜ್ಜೆ ಹಾಕಿ ಗುಂಡಿಗೆ ಬಿತ್ತು. ಸಂಕಪ್ಪ ದಾರ ಬಿಟ್ಟು ಕೈ ಒರೆಸಿಕೊಂಡು ಎದ್ದ.

"ಆಟ ಮುಗೀತು, ಮಹಾಸ್ವಾಮಿ."

ಮುಂದಿನ ಸಾಲಿನ ಮಕ್ಕಳು ಕಿಸಕ್ಕಂತ ನಕ್ಕರು. "ಅಯ್ಯೋ, ದಾರ ಬಿಡಬಾರ್ದು! ಹಿಡ್ಕೊಂಡಿದ್ರೆ ಎದ್ದೇಳತ್ತೆ!" ಅಂತ ಕೂಗಿದರು. ಇಡೀ ರಾಜ್ಯಕ್ಕೇ ಗೊತ್ತಿದ್ದ ವಿಷಯ. ಗೊತ್ತಿಲ್ಲದೆ ಇದ್ದದ್ದು ಅದನ್ನು ನಾನೇ ಕಟ್ಟಿದೆ ಅಂದವನೊಬ್ಬನಿಗೇ.

ರಾಣಿ ಮೆಲ್ಲಗೆ ಕೇಳಿದಳು, "ಏನು ಸಂಕಪ್ಪನೋರೇ, ನಿಮ್ಮ ಆಟ ನಿಮಗೇ ಮರ್ತೋಯ್ತಾ?"

ಸಂಕಪ್ಪನ ಹೆಸರನ್ನು ಅವತ್ತೇ ಬಾಗಿಲಿಂದ ಕೀಳಿಸಿದರು. ಅವನನ್ನು ಆಟದ ಮನೆಯಿಂದ ಹೊರಗೆ ಹಾಕಿದರು. ಅವನು ತಲೆಗೆ ಬಟ್ಟೆ ಹೊದ್ದುಕೊಂಡು ಊರು ಬಿಟ್ಟ. ಜನ ಹೋ ಅಂದರು. ರಾಜ ಹೋ ಅನ್ನಲಿಲ್ಲ.

"ಹಾಗಾದ್ರೆ ಕಟ್ಟಿದೋರು ಯಾರು?" ಅಂತ ಕೇಳಿದ.

ಬಾಗಿಲ ಕಾವಲಿನವನು ಮುಂದೆ ಬಂದು ಕೈಮುಗಿದ. "ಕಟ್ಟಿದೋರೆಲ್ಲ ಬಂದಿದ್ರು ಬುದ್ಧಿ. ಇದೇ ಬಾಗಿಲಲ್ಲೇ ನಿಂತಿದ್ರು. ತಾವು ಇದೊಂದಾಟ ಮುಗೀಲಿ ಅಂದ್ರಿ."

ರಾಜನ ಮುಖ ಕಪ್ಪಿಟ್ಟಿತು. ಪೆಟ್ಟಿಗೆಯನ್ನು ತಾನೇ ಹೆಗಲ ಮೇಲೆ ಹೊತ್ತುಕೊಂಡು ಹೊರಟ. ಮಾಯಣ್ಣನ ಮನೆಗೆ ಹೋದ. ಮಾಯಣ್ಣ ತೀರಿಕೊಂಡು ವರ್ಷವಾಗಿತ್ತು. ಚೌಡಣ್ಣನ ಮನೆಗೆ ಹೋದ. ಅಲ್ಲಿ ಬೇರೆ ಯಾರೋ ಇದ್ದರು. ದ್ಯಾವಕ್ಕನ ಮನೆಗೆ ಹೋದ. ದ್ಯಾವಕ್ಕ ಜಗುಲಿಯಲ್ಲಿ ಕೂತು ಚಾಪೆ ಹೆಣೀತಿದ್ದಳು. ತಲೆ ನರೆತಿತ್ತು.

"ತಾಯೀ, ತಪ್ಪಾಯ್ತು. ನಿನ್ನ ಆಟ ತಂದಿದೀನಿ. ಬೇಕಾದಷ್ಟು ತೊಗಲು ಕೊಡ್ತೀನಿ. ಮುಗಿಸಿಕೊಡು" ಅಂದ ರಾಜ.

ಅವಳು ಕೈ ಒರೆಸಿಕೊಂಡು ದಾರ ಹಿಡಿದಳು. ಬೊಂಬೆ ನಡೀತು, ಘಲ್ ಅಂತು. ಬಿತ್ತು, ಎದ್ದಿತು. ಹೊಳೆ ಹತ್ತಿರ ಬಂದು ನಿಂತಿತು. ದ್ಯಾವಕ್ಕ ಆ ಬಿಳಿ ಬಟ್ಟೆಯನ್ನೇ ನೋಡ್ತಾ ಬಹಳ ಹೊತ್ತು ಕೂತಳು.

"ಮಗಳಿಗೋಸ್ಕರ ಕಟ್ಟಿದ್ದು ದೊರೆ. ಆಚೆ ದಡದಲ್ಲಿ ಏನೋ ಇತ್ತು. ನಿಮ್ಮ ಬಾಗಿಲಲ್ಲಿ ನಿಂತಿದ್ದಾಗ ಇನ್ನೂ ತಲೇಲಿತ್ತು. ಈಗ ಎಷ್ಟು ನೆನೆಸಿಕೊಂಡ್ರೂ ಬರ್ತಿಲ್ಲ" ಅಂದಳು.

"ಮಗಳನ್ನ ಕೇಳು ತಾಯೀ, ಅವಳಿಗೆ ಹೇಳಿರ್ತೀಯ."

"ಹೇಳಿರಲಿಲ್ಲ. ಕಟ್ಟಿ ತೋರ್ಸೋಣ ಅಂತ ಇಟ್ಕೊಂಡಿದ್ದೆ. ಈಗ ಅವಳು ದೊಡ್ಡೋಳಾದ್ಲು. ಬೊಂಬೆ ಬಿದ್ರೆ ಅಳೋ ವಯಸ್ಸಲ್ಲ."

ರಾಜ ತಡೆಯಲಾರದೆ ಅತ್ತುಬಿಟ್ಟ. "ಬಿದ್ದಲ್ಲಿಂದಲೇ ಏಳೋ ಆಟ ಕಟ್ಟಿದೋಳು ನೀನು. ನೀನೂ ಎದ್ದು ಇನ್ನೊಂದು ಕಟ್ಟಬಾರ್ದಾ?"

"ಬೊಂಬೆ ಏಳೋದು ದಾರ ಹಿಡಿದೋರು ಇದ್ರೆ, ದೊರೆ. ನನ್ನ ದಾರ ಯಾರೂ ಹಿಡೀಲಿಲ್ಲ" ಅಂದಳು ದ್ಯಾವಕ್ಕ. ಕೋಪದಿಂದ ಅಂದದ್ದಲ್ಲ. ಹಾಗೆ ಹೇಳಿ ಮತ್ತೆ ಚಾಪೆ ಎಳಕೊಂಡಳು.

ಅವತ್ತಿಂದ ಕಣಗಲಪುರದಲ್ಲಿ ಪೆಟ್ಟಿಗೆ ಮೇಲೆ ಅದನ್ನು ಕಟ್ಟಿದವರ ಹೆಸರೇ ಬರೀಬೇಕು ಅಂತ ಡಂಗುರ ಹೊಡೆಸಿದರು. ಮಾಯಣ್ಣನ ಹೆಸರು ಬರೆದರು, ಚೌಡಣ್ಣನ ಹೆಸರು ಬರೆದರು, ದ್ಯಾವಕ್ಕನ ಹೆಸರು ಬರೆದರು. ಹೊಸ ಹುಡುಗರು ಹೊಸ ಆಟ ಕಟ್ಟಿದರು, ರಾಜ ಎದ್ದು ಬಾಗಿಲಿಗೇ ಬಂದು ನೋಡಿದ. ಎಲ್ಲ ಆಯ್ತು. ಹೊಳೆಯ ಆಚೆ ದಡ ಮಾತ್ರ ಇವತ್ತಿಗೂ ಬರೀ ಬಿಳಿ ಬಟ್ಟೆ.

ನೀತಿ ಏನು ಅಂತೀರಾ? ಹೊಸದನ್ನು ಕಟ್ಟೋರು ಯಾರು ಅಂತ ತಿಳೀಬೇಕಾದರೆ ದೊಡ್ಡ ಬಾಗಿಲ ಮೇಲಿನ ಹೆಸರು ಓದಬೇಡಿ. ಕಟ್ಟಿದವರು ನಿಮ್ಮ ಬಾಗಿಲಲ್ಲಿ ನಿಂತಿರುವಾಗಲೇ ಎದ್ದು ಹೋಗಿ ಕೇಳಿ. ಹೊತ್ತು ಮೀರಿ ಕೇಳಿದರೆ ಕಳ್ಳ ಸಿಗ್ತಾನೆ, ಕಳೆದದ್ದು ಸಿಗೋದಿಲ್ಲ.

ಕಥೆ ಇಷ್ಟೇ. ಲೋ, ಮೂಲೆಯಲ್ಲಿ ಕೂತವನೇ, ನಿಮ್ಮಮ್ಮ ಆಗಿಂದ ಬಾಗಿಲಲ್ಲಿ ನಿಂತು ಕರೀತಿದ್ದಾಳೆ. ಏಳು.