ಬೇಲಿಯ ಕಂಡಿ

ಈಚೆಯ ಬಲಿತ ಹುಲ್ಲು ಮುಗಿಯುವ ತನಕ ಬೇಲಿಯಾಚೆಯ ಹುಲ್ಲಿಗೆ ಯಾರೂ ಬಾಯಿ ಹಾಕಕೂಡದು, ಅದು ಮಾಗಿಯ ಚಳಿಗಾಲಕ್ಕೆ ಮೀಸಲು. ಹುಲ್ಲುಗಾವಲಿನ ಕುದುರೆಗಳೆಲ್ಲ ಸೇರಿ ಒಪ್ಪಿದ ನಿಯಮವಿದು, ಮುರಿದವರೂ ಅವರೇ. ಮಳೆಗಾಲವಿಡೀ ಎಳೆ ಹುಲ್ಲನ್ನಷ್ಟೇ ಆರಿಸಿ ತಿಂದರು. ಬಿಟ್ಟದ್ದು ಎದೆಯೆತ್ತರ ಬೆಳೆದು ಒರಟಾದಾಗ, ಈಚೆ ಮೇವೇ ಇಲ್ಲವೆಂದು ಗೊಣಗಿ, ಬೇಲಿ ಮುರಿದು ಒಂದು ಕಂಡಿ ಮಾಡಿಕೊಂಡು ಒಬ್ಬೊಬ್ಬರಾಗಿ ಆಚೆ ನುಗ್ಗಿದರು.

ತುಂಬು ಗಬ್ಬದ ಕುದುರೆ ತುಂಗಿ ಒಬ್ಬಳೇ ಈಚೆ ಉಳಿದಳು. ಒರಟು ಹುಲ್ಲು ವಸಡಿಗೆ ಚುಚ್ಚುತ್ತಿತ್ತು. ಆಚೆಯ ಘಮಕ್ಕೆ ಅವಳ ಬಾಯಲ್ಲೂ ನೀರೂರುತ್ತಿತ್ತು.

ಹಿರಿಯ ಕುದುರೆ ಸರದಾರ ಕಂಡಿಯಿಂದ ಕರೆದ: "ಬಾರಮ್ಮ, ಎರಡು ಜೀವದವಳು ನೀನು. ನೀನೊಬ್ಬಳು ತಿಂದರೆ ಏನು ಕಡಿಮೆಯಾದೀತು?"

"ನೀವೆಲ್ಲ ಹಾಗೆಂದುಕೊಂಡೇ ಒಬ್ಬೊಬ್ಬರಾಗಿ ಹೋದಿರಿ, ಮಾವ."

"ತಿನ್ನದೆ ಬಿಟ್ಟರೆ ಇಲ್ಲಿಯ ಹುಲ್ಲು ಸುಮ್ಮನೆ ಒಣಗಿಹೋಗುತ್ತದೆ, ಹುಚ್ಚಿ!"

"ಒಣಗಲಿ. ನನ್ನ ಮರಿ ಹುಟ್ಟುವುದು ಮಾಗಿಯಲ್ಲಿ. ಆಗ ನನ್ನ ಕೆಚ್ಚಲಿಗೆ ಹಾಲಿಳಿಯಬೇಕಾದದ್ದು ಆ ಒಣಹುಲ್ಲಿನಿಂದಲೇ."

"ಅಲ್ಲೀತನಕ ನಿಯಮವನ್ನೇ ಮೇಯುತ್ತಿರು, ಅತ್ತಿಗೆ!" ಎಂದು ಒಂದು ಪಡ್ಡೆ ಕುದುರೆ ಕೆಣಕಿತು. ಎಲ್ಲರೂ ನಕ್ಕರು.

ಬಿಸಿಲೇರಿದಾಗ ಅವರೆಲ್ಲ ನೀರು ಕುಡಿಯಲು ಈಚೆಯ ಕೆರೆಗೆ ಬಂದರು. ಕುಡಿದು ಮರಳಿದಾಗ ತುಂಗಿ ಕಂಡಿಗೆ ಅಡ್ಡವಾಗಿ ನಿಂತಿದ್ದಳು. ಅವಳ ತುಂಬಿದ ಹೊಟ್ಟೆ ಕಂಡಿಯನ್ನು ಪೂರಾ ಮುಚ್ಚಿತ್ತು.

"ದಾರಿ ಬಿಡು," ಎಂದ ಸರದಾರ.

ತುಂಗಿ ಅಲುಗಲಿಲ್ಲ. ಕತ್ತು ಬಗ್ಗಿಸಿ, ಕಾಲ ಬುಡದ ಒರಟು ಹುಲ್ಲಿಗೆ ಬಾಯಿ ಹಾಕಿ, ಎಲ್ಲರ ಎದುರಿಗೇ ನಿಧಾನವಾಗಿ ಅಗಿಯತೊಡಗಿದಳು.