ಗಳಿಗೆ ಕಾಟಯ್ಯನ ಮೊರ

ನಮ್ಮಜ್ಜನ ಅಜ್ಜನಿಗೆ ಇನ್ನೂ ಮೀಸೆ ಚಿಗುರದ ಕಾಲ. ಒಂದೂರು. ಊರ ಹೆಸರು ಗುಂಡುಮಲೆ. ಮಲೆ ಅಂದ ತಕ್ಷಣ ಕಾಡು ಅಂದ್ಕೋಬೇಡಿ, ಬರೀ ಬಂಡೆ. ಬಂಡೆ ಮೇಲೆ ಬಂಡೆ, ಅದರ ಮೇಲೊಂದು ಕೋಟೆ, ಕೋಟೆಯೊಳಗೊಬ್ಬ ಪಾಳೇಗಾರ. ಪಾಳೇಗಾರನ ಹೆಸರು ಕೇಳ್ಬೇಡಿ, ಅದನ್ನ ಜನ ಮರೆತು ಎಷ್ಟೋ ಕಾಲ ಆಯ್ತು. ನೆನಪಲ್ಲಿ ಉಳಿದಿರೋದು ಅವನ ಆಳು ಕಾಟಯ್ಯನ ಹೆಸರು. ಗಳಿಗೆ ಕಾಟಯ್ಯ ಅಂತಾರೆ.

ಅವನ ಕೆಲಸ ಏನಪ್ಪಾ ಅಂದ್ರೆ ಹೊತ್ತು ಅಳೆಯೋದು. ಆಗ ಗಡಿಯಾರ ಎಲ್ಲಿತ್ತು? ಕೋಟೆ ಬಾಗಿಲ ಮೇಲಿನ ಮಂಟಪದಲ್ಲಿ ಒಂದು ಕೊಪ್ಪರಿಗೆ ತುಂಬ ನೀರು. ಆ ನೀರಿನ ಮೇಲೆ ತೇಲೋದಕ್ಕೆ ಒಂದು ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ತೂತಿನಿಂದ ನೀರು ಸಣ್ಣಗೆ ಏರ್ತಾ ಏರ್ತಾ, ಬಟ್ಟಲು ತುಂಬಿ ಬುಳಕ್ ಅಂತ ಮುಳುಗಿದ್ರೆ ಒಂದು ಗಳಿಗೆ. ಕಾಟಯ್ಯ ಎದ್ದು ಜಾಗಟೆಗೆ ಒಂದೇಟು ಹೊಡೆದು, ಬಟ್ಟಲು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡ್ತಿದ್ದ. ಅವನಪ್ಪ ಮಾಡಿದ್ದೂ ಅದೇ, ತಾತ ಮಾಡಿದ್ದೂ ಅದೇ.

ಕಾಟಯ್ಯ ಮಲಗ್ತಾನೇ ಇರಲಿಲ್ಲ ಅಂತಾರೆ. ಮಲಗ್ತಿದ್ದ, ಒಂದು ಕಿವಿ ಮಾತ್ರ ಎಚ್ಚರವಾಗಿರ್ತಿತ್ತು ಅಂತ ಇನ್ನು ಕೆಲವರಂತಾರೆ. ಹೆಂಡತಿ ಮಾರಕ್ಕ ಕಿವಿ ಹತ್ರ ಬಂದು ಕಿರುಚಿದ್ರೂ ಏಳದ ಗಂಡಸು, ಬಟ್ಟಲು ಮುಳುಗಿದ ಸದ್ದಿಗೆ ದಿಗ್ಗನೆ ಏಳ್ತಿದ್ನಂತೆ. ಊರ ಹುಂಜಗಳು ಕೂಗೋಕೆ ಮುಂಚೆ ಕಾಟಯ್ಯನ ಜಾಗಟೆಗೆ ಕಾಯ್ತಿದ್ವಂತೆ. ನಂಬ್ತೀರೋ ಬಿಡ್ತೀರೋ, ನಮ್ಮಮ್ಮ ಹೇಳಿದ್ದು ಹೀಗೇ.

ಹೀಗಿರಬೇಕಾದ್ರೆ ಪಾಳೇಗಾರನಿಗೆ ದೂರದಲ್ಲಿ ಇನ್ನೊಂದು ದೊಡ್ಡ ಸೀಮೆ ಸಿಕ್ತು. ಯುದ್ಧ ಇಲ್ಲ, ಕದನ ಇಲ್ಲ. ಒಂದು ಬೆಳಗ್ಗೆ ಗಾಡಿ ಕಟ್ಟಿಸಿದ, ಹೊರಟೇ ಹೋದ. ಜಾಗಟೆ ಗಾಡಿ ಹತ್ತಿತು, ಕೊಪ್ಪರಿಗೆ ಗಾಡಿ ಹತ್ತಿತು. ಕಾಟಯ್ಯನನ್ನ ಮಾತ್ರ ಯಾರೂ ಹತ್ತು ಅನ್ನಲಿಲ್ಲ. ಅಲ್ಲಿ ಹೊತ್ತು ನೋಡೋಕೆ ಬೇರೆಯವರಿದಾರಂತೆ, ನೀನು ಇಲ್ಲೇ ಏನಾದ್ರೂ ಮಾಡ್ಕೋ ಅಂದ್ರಂತೆ. ಏನಾದ್ರೂ ಅಂದ್ರೆ ಏನು? ಅದನ್ನ ಯಾರು ಹೇಳ್ತಾರೆ! ತಾಮ್ರದ ಬಟ್ಟಲು ತಾತ ಮಾಡಿಸಿದ್ದು, ಮನೆಯ ಆಸ್ತಿ, ಅದೊಂದು ಅವನ ಕೈಯಲ್ಲಿ ಉಳೀತು.

ಮೊದಮೊದಲು ಕಾಟಯ್ಯ ಮನೆ ಬಿಟ್ಟು ಹೊರಗೇ ಬರಲಿಲ್ಲ. ಕೋಟೆ ಬಾಗಿಲ ಮೇಲೆ ಕೂತಿದ್ದವನು ಕೆಳಗಿಳಿದು ಯಾರ ಮುಂದೆ ಕೈಕಟ್ಟಿ ನಿಲ್ಲೋದು ಅಂತ ಅವನಿಗೆ. ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ರಾಗಿ ಗುಡಾಣದ ತಳ ಕೆರೆಯೋ ಸದ್ದು ಕೇಳಿಸಿದಾಗ ಮಾರಕ್ಕ ತಡೀಲಾರದೆ ಅಂದಳಂತೆ.

“ಹೊತ್ತು ಅಳೆದಿದ್ದು ಸಾಕು, ಇನ್ನು ರಾಗಿ ಅಳೆಯೋ ದಾರಿ ನೋಡು.”

ಕಾಟಯ್ಯ ಹೊರಟ. ಪಕ್ಕದೂರಿನಲ್ಲಿ ಗಾಣ ತಿರುಗಿಸೋಕೆ ಹೋದ. ಎತ್ತಿನ ಹಿಂದೆ ಸುತ್ತುತ್ತಾ ಸುತ್ತುತ್ತಾ ಗಳಿಗೆ ಆಯ್ತು ಅನ್ನಿಸಿದ ಕೂಡಲೇ ಟಕ್ಕಂತ ನಿಂತುಬಿಡ್ತಿದ್ನಂತೆ. ಗಾಣದವನು ಅವನನ್ನೂ ನೋಡಿದ, ಎತ್ತನ್ನೂ ನೋಡಿದ, ಎತ್ತೇ ವಾಸಿ ಅಂದ. ಬಾವಿ ತೋಡೋ ಕಡೆ ಮಣ್ಣು ಹೊರೋಕೆ ಹೋದ. ಅಲ್ಲೂ ಅಷ್ಟೇ. ಗಳಿಗೆಗೊಂದು ಸಲ ಬುಟ್ಟಿ ಇಳಿಸಿ ಬಲಗೈ ಮೇಲೆತ್ತೋನು, ಇಲ್ಲದ ಜಾಗಟೆಗೆ ಹೊಡೆಯೋನು. “ಕಾಟಯ್ಯನ ಕೈ ಎದ್ದಿತು ನೋಡ್ರೋ!” ಅಂತ ಜನ ಬಿದ್ದು ಬಿದ್ದು ನಗೋರು. ನಗಬೇಡಿ ಸುಮ್ನಿರಿ, ಪಾಪ. ಹುಟ್ಟಿದಾಗಿಂದ ಮಾಡಿದ ಕೆಲಸ, ಕೈಗೇನು ಗೊತ್ತು ಕೆಲಸ ಹೋಗಿದೆ ಅಂತ?

ಒಂದು ಸಂಜೆ ಮಾರಕ್ಕ ಅವನಿಗೂ ಮಕ್ಕಳಿಗೂ ಅಂಬಲಿ ಬಡಿಸಿ, ತಾನು ರಾಗಿ ಬೀಸೋಕೆ ಹೋದ ಮನೆಯಲ್ಲೇ ಉಂಡೆ ಅಂದಳು. ಕಾಟಯ್ಯ ಕೈ ತೊಳೆಯೋಕೆ ಹಿತ್ತಲಿಗೆ ಹೋದವನು ವಾಪಸ್ ಬಂದು ನೋಡ್ತಾನೆ, ಅವಳು ಮಡಕೆಗೆ ನೀರು ಸುರಿದು, ಅಂಟಿದ್ದನ್ನ ಬೆರಳಲ್ಲಿ ಬಳಿದು ಕುಡೀತಿದಾಳೆ.  ಬೆಳಗಾಗುತ್ತಲೂ ಕಾಟಯ್ಯ ಬಟ್ಟಲನ್ನ ಟವಲಿನಲ್ಲಿ ಕಟ್ಟಿಕೊಂಡು ಕಂಚುಗಾರನಿಗೆ ಮಾರೋಕೆ ಹೊರಟ. ದಾರಿ ಉದ್ದಕ್ಕೂ ಅಳ್ತಾ ಹೋದನಂತೆ.

ದಾರಿ ಕೆರೆ ಏರಿ ಮೇಲೆ ಹಾಯ್ದು ಹೋಗ್ತಿತ್ತು. ಅಲ್ಲಿ ನೋಡಿದ್ರೆ ತೂಬಿನ ಹತ್ರ ದೊಡ್ಡ ಗಲಾಟೆ. ಒಬ್ಬನ ಕೈಲಿ ಸನಿಕೆ, ಇನ್ನೊಬ್ಬನ ಕೈಲಿ ದೊಣ್ಣೆ. ನೀರುಗಂಟಿ ಗಿರಿಯಜ್ಜ, ಅಂದ್ರೆ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿ ಮೇಲೆ ನೀರು ಬಿಡೋನು, ತಲೆಗೆ ಬಟ್ಟೆ ಸುತ್ಕೊಂಡು ಒಂದು ಬದೀಲಿ ಕೂತಿದ್ದ. ಹಿಂದಿನ ದಿನ ಜಗಳ ಬಿಡಿಸೋಕೆ ಹೋಗಿ ತಿಂದ ಏಟು.

ವಿಷಯ ಇಷ್ಟು. ಮೊದಲೆಲ್ಲ ಕೋಟೆ ಜಾಗಟೆ ಕೇಳಿಕೊಂಡು ಗದ್ದೆಯವರು ನೀರಿನ ಸರದಿ ಬದಲಾಯಿಸ್ತಿದ್ರು. ಜಾಗಟೆ ಹೋದ ಮೇಲೆ ಬಿಸಿಲಲ್ಲಿ ನಿಂತು ತಮ್ಮ ನೆರಳನ್ನ ತಾವೇ ಅಡಿ ಇಟ್ಟು ಅಳೆಯೋಕೆ ಶುರು ಮಾಡಿದ್ರು. ಉದ್ದಪಾದದವನ ಲೆಕ್ಕ ಒಂದು, ಗಿಡ್ಡಪಾದದವನ ಲೆಕ್ಕ ಇನ್ನೊಂದು. ಮೋಡ ಮುಚ್ಚಿತೋ, ಮುಗೀತು, ಹೊಡೆದಾಟವೇ. ಬಟ್ಟಲೂ ಪಾಳೇಗಾರನ ಜೊತೆ ಹೋಯ್ತು ಅಂತ ಅವರು ತಿಳಿದಿದ್ರು. ಕಾಟಯ್ಯ, ತಾನು ಇಷ್ಟು ಕಾಲ ಪಾಳೇಗಾರನಿಗಾಗಿ ಜಾಗಟೆ ಹೊಡೆದೆ ಅಂತ ತಿಳಿದಿದ್ದ. ಕೆಳಗೆ ಇಷ್ಟು ಜನ ಕಿವಿಗೊಟ್ಟಿದ್ರು ಅಂತ ಅವನಿಗೆ ಗೊತ್ತೇ ಇರಲಿಲ್ಲ ನೋಡಿ.

ಅವತ್ತೂ ಮೋಡ. ಕಾಟಯ್ಯ ಯಾರನ್ನೂ ಕೇಳಲಿಲ್ಲ. ಅಲ್ಲಿದ್ದ ಹಂಡೆಗೆ ನೀರು ತುಂಬಿದ, ಟವಲು ಬಿಚ್ಚಿದ, ಬಟ್ಟಲು ತೇಲಿಬಿಟ್ಟ. ಎತ್ತಿದ ದೊಣ್ಣೆ ಎತ್ತಿದ ಹಾಗೇ ನಿಂತಿತಂತೆ. ಎಲ್ಲರೂ ಸುತ್ತ ಕುಕ್ಕುರುಗಾಲಲ್ಲಿ ಕೂತು ಬಟ್ಟಲನ್ನೇ ನೋಡ್ತಾ ಇದ್ರಂತೆ. ಬುಳಕ್ ಅಂದಾಗ ಗಿರಿಯಜ್ಜ ಎದ್ದ, ನೀರಿನ ಮಡೆ ಮುಂದಿನ ಗದ್ದೆಗೆ ತಿರುಗಿಸಿದ. ಯಾರೂ ಚಕಾರ ಎತ್ತಲಿಲ್ಲ.

“ಎಲ್ಲಿಗೋ ಹೊರಟಿದ್ದೆ ಮಾರಾಯ?” ಅಂತ ಗಿರಿಯಜ್ಜ ಕೇಳಿದ್ದಕ್ಕೆ ಕಾಟಯ್ಯ, “ಎಲ್ಲಿಗೂ ಇಲ್ಲ ಬಿಡಜ್ಜ” ಅಂದನಂತೆ.

ಅವತ್ತಿಂದ ಅವನು ತೂಬಿನ ಗಳಿಗೆಯವನಾದ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಒಂದೊಂದು ಮೊರ ಭತ್ತ ಆಯ, ಅಂದ್ರೆ ಕೆಲಸದ ಕೂಲಿ, ಅಂತ ಊರು ಒಪ್ಪಿತು. ಅಲ್ಲೀವರೆಗೆ ಗಿರಿಯಜ್ಜನೇ ತನ್ನ ಮನೆಯಿಂದ ರಾಗಿ ಕೊಟ್ಟ. ಮಾರಕ್ಕನ ಒಲೆ ಎರಡು ಹೊತ್ತೂ ಉರೀತು. ಹೊಗೆ ಕಂಡು ಅವಳು ಕಣ್ಣೊರೆಸ್ಕೊಂಡಳಂತೆ, ಹೊಗೆಯಿಂದ ಕಣ್ಣುರಿ ಅಂತ ಮಕ್ಕಳಿಗೆ ಸುಳ್ಳು ಹೇಳಿದಳಂತೆ.

ಇಲ್ಲಿಗೆ ಮುಗಿದಿದ್ರೆ ಇದೇನು ಕತೆ? ಕೇಳಿ.

ಪೈರು ಹೊಡೆ ತುಂಬಿ ತೆನೆ ಬಿಡೋ ಹೊತ್ತು. ಕೊನೇ ಸುತ್ತಿನ ನೀರು. ಕೆರೆ ತಗ್ಗಿತ್ತು, ತೂಬಿಂದ ಕೆಂಪಗೆ ಕದಡು ನೀರು ಬರ್ತಿತ್ತು. ಕಾಟಯ್ಯ ಹಂಡೆಗೆ ಅದನ್ನೇ ತುಂಬಿದ. ಕೋಟೆ ಮೇಲಿದ್ದಾಗ ಬಂಡೆ ದೊಣೆಯಲ್ಲಿ ನಿಂತ ಮಳೆಯ ತಿಳಿನೀರು, ಅದರಲ್ಲಿ ಮುಖ ನೋಡ್ಕೋಬಹುದಿತ್ತು. ನೀರು ಅಂದ್ರೆ ನೀರು ಅಂದ್ಕೊಂಡ ಅವನು. ಸರದಿ ಮೇಲಿನ ಗದ್ದೆಯಿಂದ ಶುರುವಾಗಿ ಕೆಳಗಿಳೀತು. ಎಲ್ಲರ ಕೊನೆಗೆ ಚಿಕ್ಕೀರಣ್ಣನ ಗದ್ದೆ. ಅವನ ಸರದಿ ಬರೋ ಹೊತ್ತಿಗೆ ಕೆರೆ ಬತ್ತಿ ತೂಬಲ್ಲಿ ಬರೀ ಕೆಸರು. ಅವನ ಪೈರು ನಿಂತಲ್ಲೇ ಒಣಗಿ ಜೊಳ್ಳಾಯ್ತು. ಚಿಕ್ಕೀರಣ್ಣ ಜಗಳ ಆಡಲಿಲ್ಲ. ಬಟ್ಟಲು ಸುಳ್ಳು ಹೇಳಲ್ಲ, ಕೆರೇಲೇ ನೀರಿಲ್ಲ, ನನ್ನ ಹಣೆಬರಹ ಅಂದು ಮನೆಗೆ ಹೋದ.

ಸುಗ್ಗಿಗೆ ಮುಂಚೆ ಕಾಟಯ್ಯ ಬಟ್ಟಲನ್ನ ಹುಣಸೆಹಣ್ಣು ಹಾಕಿ ಉಜ್ಜಿದ. ಉಜ್ಜಿ ಬಿಸಿಲಿಗೆ ಹಿಡಿದ. ತೂತಿನಲ್ಲಿ ಬೆಳಕೇ ಕಾಣಲಿಲ್ಲ. ಮುಳ್ಳು ತಗೊಂಡು ಮೆಲ್ಲಗೆ ಕೆದಕಿದ. ತೂತಿನ ಸುತ್ತ ಕಟ್ಟಿದ್ದ ಕೆಮ್ಮಣ್ಣು ಉದುರಿ ಅಂಗೈ ಮೇಲೆ ಬಿತ್ತು. ಕೊನೇ ಸುತ್ತಿನಲ್ಲಿ ಬಟ್ಟಲಿಗಿಂತ ಮುಂಚೆ ತನ್ನ ಕೈ ಎದ್ದಿದ್ದು, ಬಟ್ಟಲನ್ನೇ ನಂಬಿ ಕೈ ಇಳಿಸಿದ್ದು ಆಗ ಕಾಟಯ್ಯನಿಗೆ ನೆನಪಾಯ್ತು. ತೂತು ಸಣ್ಣದಾದಷ್ಟೂ ಬಟ್ಟಲು ನಿಧಾನ ತುಂಬಿದೆ, ಗಳಿಗೆ ಉದ್ದ ಆಗಿದೆ. ಮೇಲಿನವರಿಗೆಲ್ಲ ಒಂದಿಷ್ಟೊಂದಿಷ್ಟು ಹೆಚ್ಚು ಹರಿದು ಕೊನೆಯವನ ಪಾಲು ಮುಗಿದುಹೋಗಿದೆ. ಕೆರೆ ಬತ್ತಿದ್ದಲ್ಲ, ತನ್ನ ಬಟ್ಟಲು ಬತ್ತಿಸಿದ್ದು.

ಮಾರಕ್ಕನಿಗೆ ಹೇಳಿದ. ಅವಳು ಬಾಗಿಲು ಮುಂದೆ ಮಾಡಿ ಬಂದಳು. ಯಾರಿಗೂ ಹೇಳಬೇಡ ಅಂದಳು. ಯಾರಿಗೂ ಗೊತ್ತಿಲ್ಲ, ಚಿಕ್ಕೀರಣ್ಣನಿಗೇ ಗೊತ್ತಿಲ್ಲ, ಮುಂದೆ ನೀರು ಸೋಸಿ ಹಾಕಿದ್ರಾಯ್ತು ಅಂದಳು. ಹೇಳಿದ್ರೆ ಮತ್ತೆ ಕೆಲಸ ಹೋಗುತ್ತೆ, ಮತ್ತೆ ಗುಡಾಣ ಕೆರೀಬೇಕಾಗುತ್ತೆ, ನನ್ನ ಕೈಲಾಗಲ್ಲ ಅಂತ ಅತ್ತುಬಿಟ್ಟಳು. ಅವಳದ್ದು ತಪ್ಪು ಅನ್ನಬೇಡಿ ನೀವು. ಹಸಿವು ಕಂಡ ಹೊಟ್ಟೆ ಅದು. ಕಾಟಯ್ಯನಿಗೂ ಅವಳ ಮಾತು ಸರಿ ಅನ್ನಿಸಿತು. ಆದ್ರೆ ಬಟ್ಟಲು ಸುಳ್ಳು ಹೇಳಲ್ಲ ಅಂದಿದ್ದನಲ್ಲ ಆ ಮನುಷ್ಯ, ಆ ಮಾತು ಅವನನ್ನ ಕೂತರೆ ಕೂರಗೊಡಲಿಲ್ಲ, ನಿಂತರೆ ನಿಲ್ಲಗೊಡಲಿಲ್ಲ.

ರಾಶಿಪೂಜೆ ದಿನ ಎಲ್ಲರೂ ಕಣದಲ್ಲಿ ಸೇರಿದ್ರು. ಮೊರ ಮೊರ ಬಿದ್ದು ಕಾಟಯ್ಯನ ಮುಂದೆ ಸೊಂಟದೆತ್ತರ ಭತ್ತ ಗುಡ್ಡೆ ಆಯ್ತು. ಹುಟ್ಟಿದ ಮೇಲೆ ಅಷ್ಟು ಕಾಳನ್ನ ಒಟ್ಟಿಗೆ ಅವನು ತನ್ನದು ಅಂತ ಕಂಡಿರಲಿಲ್ಲ. ಅದರ ಮುಂದೆ ನಿಂತು ಎಲ್ಲ ಹೇಳಿಬಿಟ್ಟ. ಬಟ್ಟಲು ತೋರಿಸಿದ, ಮಣ್ಣು ತೋರಿಸಿದ. ಕೊನೆಗೆ, ಈ ರಾಶಿ ಚಿಕ್ಕೀರಣ್ಣನದು, ನಾಳೆಯಿಂದ ತೂಬಿಗೆ ನಾನು ಬರಲೋ ಬೇಡವೋ ನೀವೇ ಹೇಳಿ ಅಂದ. ಹಿಂದೆ ಮಾರಕ್ಕ ನಿಂತಿದ್ದಳು, ಬೇಡ ಅಂದವಳು ಬಂದೇ ಬಂದಿದ್ದಳು.

 ಮೇಲಿನ ಗದ್ದೆಯವರು ನೆಲ ನೋಡಿದ್ರು, ಹೆಚ್ಚು ನೀರು ಕುಡಿದದ್ದು ಅವರ ಪೈರೇ ತಾನೇ. ಚಿಕ್ಕೀರಣ್ಣ ತನ್ನ ಖಾಲಿ ಕಣದ ಕಡೆ ತಿರುಗಿ ನೋಡಿದ. ಅವನಿಗೆ ಸಿಟ್ಟು ಬಂದಿತ್ತು, ಬರದೇ ಇರುತ್ತಾ? ಆಮೇಲೆ ಎದ್ದು ಅಂದ.

“ನಿನ್ನ ಮಕ್ಕಳ ಕೂಳು ಕಿತ್ಕೊಂಡು ನಾನು ತಿಂದ್ರೆ ನನಗೆ ಅರಗುತ್ತೇನೋ ಕಾಟಯ್ಯ? ಇವತ್ತು ನಿನ್ನನ್ನ ಓಡಿಸಿದ್ರೆ ನಾಳೆ ಈ ಊರಲ್ಲಿ ತಪ್ಪು ಮಾಡಿದವನು ಯಾವನು ಬಾಯಿ ಬಿಡ್ತಾನೆ? ತೂಬಿಗೆ ಬಾ. ಬರೋ ವರ್ಷದ ಸರದಿ ಮಾತ್ರ ನನ್ನ ಗದ್ದೆಯಿಂದ ಶುರುವಾಗಲಿ.”

ಊರು ಹೂಂ ಅಂತು. ಮೇಲಿನವರು ಒಬ್ಬೊಬ್ಬರಾಗಿ ಎದ್ದು ತಮ್ಮ ರಾಶಿಯಿಂದ ಚಿಕ್ಕೀರಣ್ಣನ ಕಣಕ್ಕೆ ತುಂಬಿದ್ರು. ಯಾರೂ ಹೇಳಿಸ್ಕೊಳ್ಳಲಿಲ್ಲ.

ಉಳಿದದ್ದು ಕಾಟಯ್ಯನ ಗುಡ್ಡೆ. ಪೂಜೆ ಆದ ಮೇಲೆ ಕೊಟ್ಟೆ ಅಂತ ಬಾಯಲ್ಲಿ ಬಂದ ಕಾಳನ್ನ ಕೊಟ್ಟವನು ವಾಪಸ್ ಮನೆಗೆ ಒಯ್ಯಬಾರದು, ಅದು ನಮ್ಮ ಕಡೆ ಇವತ್ತಿಗೂ ಇರೋ ಕಟ್ಟಳೆ. ಚಿಕ್ಕೀರಣ್ಣ ಒಲ್ಲೆ ಅಂತಾನೆ, ಕಾಟಯ್ಯ ಮುಟ್ಟೋ ಹಾಗಿಲ್ಲ. ಗುಡ್ಡೆ ಹಾಗೇ ನಡುವೆ ಬಿದ್ದಿದೆ. ಏನ್ರಪ್ಪಾ ಮಾಡೋದು ಅಂತ ಗಿರಿಯಜ್ಜ ತಲೆ ಕೆರ್ಕೊಂಡ. ಆಗ ಮಾತಾಡಿದೋಳು ಮಾರಕ್ಕ. ಕೋಟೆ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಫಕೀರಸಾಬಿಯ ಮನೆ ನಮ್ಮ ಮನೆ ಹಿಂದೇನೇ ಇದೆ, ಕುದುರೆ ಹೋದಾಗಿಂದ ಅವರ ಒಲೆಯಲ್ಲಿ ಹೊಗೆ ಕಂಡಿದ್ದೇ ಅಪರೂಪ ಅಂದಳು. ಕಾಟಯ್ಯ ತಲೆ ತಗ್ಗಿಸಿದ. ತನ್ನ ಕೆಲಸ ಹೋದ ದಿನವೇ ಅವನದೂ ಹೋಗಿತ್ತು, ತನ್ನ ಸಂಕಟದಲ್ಲಿ ಹಿಂದಿನ ಮನೆ ಕಡೆ ತಿರುಗಿಯೂ ನೋಡಿರಲಿಲ್ಲ.

ಗುಡ್ಡೆ ಸಾಬಿ ಮನೆಗೆ, ಬರೋ ಸುಗ್ಗಿವರೆಗೆ ಕಾಟಯ್ಯನ ಮನೆಗೆ ಗಿರಿಯಜ್ಜನ ರಾಗಿಯೇ ಅಂತ ಊರು ಒಪ್ಪಿತು. ಕಾಟಯ್ಯನೇ ಮೊದಲ ಮೊರ ತುಂಬಿ ತಲೆ ಮೇಲೆ ಹೊತ್ತು ಫಕೀರಸಾಬಿಯ ಬಾಗಿಲಿಗೆ ಹೋದ. ಸಾಬಿ ಮೊರ ನೋಡಿ ಮುಖ ತಿರುಗಿಸಿದ. ಭಿಕ್ಷೆ ಬೇಡ ಭಾವಾ ಅಂದ. ಕಾಟಯ್ಯ ಮೊರ ಇಳಿಸಿ ಹೊಸ್ತಿಲ ಹೊರಗೆ ಕೂತ್ಕೊಂಡು, “ಕೆಲಸ ಹೋದ್ರೆ ಹೋಗಲಿ ಸಾಬಣ್ಣ, ನಿನ್ನ ಕೈಗೆ ಏನು ಗೊತ್ತು ಹೇಳು” ಅಂದನಂತೆ. ಲಾಳ ಕಟ್ಟೋದೊಂದೇ ಗೊತ್ತು, ಕುದುರೆ ಎಲ್ಲಿದೆ ಅಂದ ಸಾಬಿ. ಊರ ತುಂಬ ಎತ್ತುಗಳಿವೆಯಲ್ಲೋ, ಬಂಡೆ ದಾರಿ ತುಳಿದು ಕುಂಟ್ತಾ ಇವೆಯಲ್ಲೋ ಅಂದ ಕಾಟಯ್ಯ. ಇಬ್ಬರೂ ಮುಖ ಮುಖ ನೋಡ್ಕೊಂಡ್ರು, ಆಮೇಲೆ ನಕ್ಕರು ಅಂತಾರೆ. ಆ ವರ್ಷದಿಂದ ಗುಂಡುಮಲೆಯ ಎತ್ತು ಕುಂಟಿದ್ದನ್ನ ಯಾರೂ ನೋಡಿಲ್ಲವಂತೆ. ಸಾಬಿ ಲಾಳ ಕಟ್ಟಿದ ಎತ್ತು ಬಂಡೆ ಮೇಲೆ ಓಡಿದ್ರೆ ಕಿಡಿ ಹಾರ್ತಿತ್ತಂತೆ, ಅದರ ಬೆಳಕಲ್ಲಿ ದಾರಿ ಕಾಣ್ತಿತ್ತಂತೆ. ಜನದ ಬಾಯಿ, ಏನು ಬೇಕಾದ್ರೂ ಅನ್ನುತ್ತೆ.

ಕಾಟಯ್ಯ ಹೋದ, ಮಾರಕ್ಕ ಹೋದಳು. ಬಟ್ಟಲು ಯಾರ ಮನೆಯಲ್ಲಿದೆಯೋ, ಕೇಳಿದ್ರೆ ನಾಲ್ಕು ಮನೆಯವರು ನಮ್ಮಲ್ಲಿದೆ ಅಂತಾರೆ. ಆದ್ರೆ ಎರಡು ಮಾತು ಮಾತ್ರ ಊರು ಬಿಟ್ಟಿಲ್ಲ. ಕೆರೆ ತುಂಬಿದ ವರ್ಷ ಮೊದಲ ನೀರು ಕೊನೆಯ ಗದ್ದೆಗೆ. ಸುಗ್ಗಿಯಲ್ಲಿ ಪ್ರತಿ ಕಣದವರು ಒಂದೊಂದು ಮೊರ ಕಾಟಯ್ಯನದು ಅಂತ ಬೇರೆ ತೆಗೆದಿಡ್ತಾರೆ. ಆ ವರ್ಷ ಊರಲ್ಲಿ ಯಾರ ಕೆಲಸ ಹೋಗಿದೆಯೋ ಅವರ ಹೊಸ್ತಿಲಿಗೆ ಅದು ಹೋಗುತ್ತೆ. ಹೆಂಚಿನ ಫ್ಯಾಕ್ಟರಿ ಮುಚ್ಚಿದಾಗ ಹೋಯ್ತು, ಅಂಗಡೀಲಿ ಹೊಲಿದ ಬಟ್ಟೆ ಬಂದು ಟೈಲರ್ ಮಿಷನ್ ನಿಂತಾಗ ಹೋಯ್ತು. ಅಯ್ಯೋ ಪಾಪ ಅಂತ ಯಾರೂ ಅನ್ನೋ ಹಾಗಿಲ್ಲ. ಮೊರ ತಂದವರು ಹೊಸ್ತಿಲ ಹೊರಗೆ ಕೂತ್ಕೊಂಡು, ನಿನ್ನ ಕೈಗೆ ಏನು ಗೊತ್ತು ಅಂತ ಕೇಳ್ಬೇಕು, ಉತ್ತರ ಬರೋವರೆಗೆ ಏಳಬಾರದು. ಎಷ್ಟು ಹೊತ್ತಾದ್ರೂ ಸರಿ.

ಆ ಮೊರ ಹೊತ್ಕೊಂಡು ಹೋಗೋಕೆ ಯಾರೋ ಒಬ್ಬರು ಆಗಲ್ಲ. ಹಿಂದಿನ ಸಲ ಯಾರ ಹೊಸ್ತಿಲಿಗೆ ಬಂದಿತ್ತೋ, ಅವರೇ ಹೊರಬೇಕು.